ಮನೆಯ ಲೆಕ್ಕ, ಅಂಗಡಿಯ ಲೆಕ್ಕ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂಜರಿದೆನು. ನಾನು ಸಾಹಿತಿಯಲ್ಲ, ವಿದ್ವಾಂಸನೂ ಅಲ್ಲ. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಈ ಶಾಲೆಯಲ್ಲಿ ಓದಿ, ಮುಂದೆ ತಾಲೂಕು ಸ್ಥಳವೊಂದರಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗಗಳನ್ನು ಮಾರುವ ಅಂಗಡಿಯನ್ನಿಟ್ಟುಕೊಂಡು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದವನು. ಆದರೆ ಸ್ವಂತ ಉದ್ಯೋಗವನ್ನು ಕಟ್ಟುವವನು ತನ್ನ ಸಂಸಾರವನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬ ವಿಷಯವನ್ನು ಅವರೇ ಸೂಚಿಸಿದ್ದರಿಂದ ಒಪ್ಪಿಕೊಂಡೆನು. ಈ ವಿಷಯದಲ್ಲಿ ನನಗೆ ತಿಳಿದಿರುವುದರಲ್ಲಿ ಬಹುಭಾಗವು ತಪ್ಪು ಮಾಡಿ ಕಲಿತದ್ದು.

ಸಂಸಾರ ಬೇರೆ, ವ್ಯವಹಾರ ಬೇರೆ ಎಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ವಸ್ತುಸ್ಥಿತಿಯು ಹಾಗಿಲ್ಲ. ನೌಕರಿಯಲ್ಲಿದ್ದವನಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಕಚೇರಿಗೆ ನಷ್ಟವಾದರೆ ಆತನ ಮನೆಯ ಹಂಡೆಯನ್ನು ಯಾರೂ ಹೊತ್ತೊಯ್ಯುವುದಿಲ್ಲ. ಸ್ವಂತ ಉದ್ಯೋಗದವನಿಗಾದರೋ ಮನೆಯೇ ಉದ್ಯೋಗದ ಮೊದಲ ಸಾಲಗಾರ, ಮೊದಲ ಜಾಮೀನುದಾರ, ಬಹಳ ಸಲ ಸಂಬಳವಿಲ್ಲದ ಮೊದಲ ಆಳು. ಆದುದರಿಂದ ಸಮತೋಲನವೆಂಬುದನ್ನು ಕೇವಲ ವೇಳೆಯ ಹಂಚಿಕೆಯೆಂದು ತಿಳಿಯುವುದು ಸಾಲದು. ಮೊದಲು ಹಣದ ಮಾತನ್ನು, ಆಮೇಲೆ ಸಹಿಯ ಮಾತನ್ನು, ತದನಂತರ ದುಡಿಮೆ ಹಾಗೂ ವೇಳೆಯ ಮಾತನ್ನು ನೋಡಬೇಕಾಗುತ್ತದೆ.

ನನ್ನ ಗಿರಾಕಿಗಳೆಲ್ಲರೂ ರೈತರು. ರೈತನು ಸಾಮಾನನ್ನು ಉದ್ರಿ ಒಯ್ಯುತ್ತಾನೆ, ಸುಗ್ಗಿಗೆ ಕೊಡುತ್ತಾನೆ. ಇದರಲ್ಲಿ ಆತನ ಅಪರಾಧವೇನೂ ಇಲ್ಲ, ಭೂಮಿಯು ತಿಂಗಳಿಗೊಮ್ಮೆ ಸಂಬಳ ಕೊಡುವುದಿಲ್ಲ. ಆದರೆ ಈ ಉದ್ರಿಯು ನನ್ನ ಅಡುಗೆಮನೆಯವರೆಗೆ ಹೇಗೆ ಬರುತ್ತದೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಅಂಕಿಗಳು ತಿಳಿಯಲಿಕ್ಕೆ ಸುಲಭವಾಗಲೆಂದು ಹಾಕಿಕೊಂಡವು, ರೀತಿ ಮಾತ್ರ ನಿಜವಾದದ್ದು. ಠೋಕ ವ್ಯಾಪಾರಿಯಿಂದ 3,00,000 ರೂಪಾಯಿಯ ಮಾಲನ್ನು ಮೂವತ್ತು ದಿನಗಳ ವಾಯಿದೆಯ ಮೇಲೆ ತಂದು 3,45,000ಕ್ಕೆ ಮಾರಿದೆನೆಂದು ತಿಳಿಯೋಣ. ಕಿರ್ದಿಯಲ್ಲಿ 45,000 ಲಾಭವೆಂದು ಬಂದಿತು. ಅಂಗಡಿಯ ಬಾಡಿಗೆ, ಹುಡುಗನ ಪಗಾರ, ಕರೆಂಟು ಸೇರಿ 15,000 ಹೋದರೆ 30,000 ಉಳಿಯಿತು. ಮನೆಯಲ್ಲಿ ಕೇಳಿದರೆ ‘ಈ ತಿಂಗಳು ಮೂವತ್ತು ಸಾವಿರ ಉಳಿದಿದೆ’ ಎಂದು ಹೇಳುತ್ತೇವೆ. ಸುಳ್ಳಲ್ಲ. ಆದರೆ ಮಾರಾಟದಲ್ಲಿ ರೋಖು ಬಂದದ್ದು 1,45,000 ಮಾತ್ರ. ಉಳಿದ ಎರಡು ಲಕ್ಷ ಉದ್ರಿ. ಖರ್ಚು ಕಳೆದು ಗಲ್ಲೆಯಲ್ಲಿರುವುದು 1,30,000. ಮೂವತ್ತನೆಯ ದಿನ ಠೋಕ ವ್ಯಾಪಾರಿಗೆ ಕೊಡಬೇಕಾದದ್ದು ಮೂರು ಲಕ್ಷ. ಅಂದರೆ 1,70,000 ಕಡಿಮೆ ಬಿದ್ದಿತು. ಅದೇ ತಿಂಗಳಲ್ಲಿ ಮನೆಗೆಂದು 20,000 ತೆಗೆದುಕೊಂಡಿದ್ದರೆ 1,90,000 ಕಡಿಮೆ. ಸುಗ್ಗಿಗೆ ಇನ್ನೂ ನಾಲ್ಕು ತಿಂಗಳಿರುವಾಗ ಈ ಹಣವನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಿಂದ ತಂದರೆ ತಿಂಗಳಿಗೆ 1,900ರಂತೆ 7,600 ರೂಪಾಯಿ ಬಡ್ಡಿಯೇ ಆಯಿತು. ಮೂವತ್ತು ಸಾವಿರದ ಲಾಭ 22,400ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಆ ತಿಂಗಳು ನಾವು ಉಂಡ ಅನ್ನವು ಲಾಭದ ಅನ್ನವಾಗಿರಲಿಲ್ಲ, ಸಾಲದ ಅನ್ನವಾಗಿತ್ತು. ಅದು ನಮಗೆ ತಿಳಿದಿರಲೂ ಇಲ್ಲ.

ವ್ಯಾಪಾರವು ಬೆಳೆಯುತ್ತಿರುವಾಗಲೇ ಈ ಪೇಚು ಹೆಚ್ಚಾಗುತ್ತದೆಂಬುದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ಮಾರಾಟ ಇಮ್ಮಡಿಯಾದರೆ ಉದ್ರಿಯೂ ಇಮ್ಮಡಿಯಾಗುತ್ತದೆ. ಹೊರಗಿನವರು ‘ಸಾಹುಕಾರರ ಅಂಗಡಿ ಭರಾಟೆಯಿಂದ ನಡೆದಿದೆ’ ಎನ್ನುವ ವರ್ಷದಲ್ಲಿಯೇ ಮನೆಯಲ್ಲಿ ಮಕ್ಕಳ ಫೀಗೆ ತಡವರಿಸುವ ಪ್ರಸಂಗ ಬರುತ್ತದೆ. ಹೆಂಡತಿಗೆ ಇದು ಅರ್ಥವಾಗದೆ ಗಂಡನು ಹಣ ಬಚ್ಚಿಡುತ್ತಿದ್ದಾನೆಂದು ತೋರಿದರೆ ಆಶ್ಚರ್ಯವಿಲ್ಲ. ನಾನು ಬಲ್ಲ ಎಷ್ಟೋ ಮನೆಗಳ ಮನಸ್ತಾಪದ ಮೂಲವು ದುರ್ಗುಣವಲ್ಲ, ಈ ಲೆಕ್ಕವನ್ನು ಯಾರೂ ಯಾರಿಗೂ ಬಿಡಿಸಿ ಹೇಳದಿದ್ದುದು.

ವ್ಯಾಪಾರ ಮಾಡದೆ ವಸ್ತುಗಳನ್ನು ತಯಾರಿಸಿ ದೊಡ್ಡ ಕಂಪನಿಗಳಿಗೆ ಕೊಡುವ ಸಣ್ಣ ಉದ್ದಿಮೆದಾರರಿಗೆ ಕಾನೂನು ಸ್ವಲ್ಪ ಆಸರೆ ಕೊಟ್ಟಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಧಿನಿಯಮದಂತೆ ಕೊಂಡವನು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡಬೇಕು. ಆದರೆ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಅದೇ ಗಿರಾಕಿಯ ಬಾಗಿಲಲ್ಲಿ ನಿಲ್ಲುವ ಎದೆಗಾರಿಕೆ ಎಷ್ಟು ಜನರಿಗಿದೆಯೆಂಬುದು ಬೇರೆ ಮಾತು.

ಇನ್ನು ಸಹಿಯ ಮಾತು. 2002 ಮತ್ತು 2003ರಲ್ಲಿ ನಮ್ಮ ಭಾಗದಲ್ಲಿ ಮಳೆ ಸಾಲದಾಯಿತು. ಬಾವಿಗಳಲ್ಲಿ ನೀರೇ ಇಲ್ಲದ ಮೇಲೆ ಪಂಪಿನ ಬಿಡಿಭಾಗಗಳನ್ನು ಕೊಳ್ಳುವವರಾರು? ಹಳೆಯ ಉದ್ರಿಯೂ ನಿಂತುಹೋಯಿತು. ಅದಕ್ಕೆ ಮೂರು ವರ್ಷ ಮೊದಲು ಅಂಗಡಿಯನ್ನು ವಿಸ್ತರಿಸಲಿಕ್ಕೆಂದು ಬ್ಯಾಂಕೊಂದರಲ್ಲಿ ಸಾಲ ತೆಗೆದು ಮನೆಯ ಕಾಗದಪತ್ರಗಳನ್ನು ಒತ್ತೆಯಿಟ್ಟಿದ್ದೆನು. ನನ್ನ ಧರ್ಮಪತ್ನಿಯು ಜಾಮೀನುದಾರಳಾಗಿ ಸಹಿ ಮಾಡಿದ್ದಳು. ಕಂತುಗಳು ನಿಂತ ಮೇಲೆ ಒಂದು ದಿನ ಮಧ್ಯಾಹ್ನ ನೋಟೀಸು ಅಂಗಡಿಗೆ ಬರದೆ ಮನೆಗೆ ಬಂದಿತು, ಅದೂ ಆಕೆಯ ಹೆಸರಿಗೆ. ಸಾಯಂಕಾಲ ನಾನು ಮನೆಗೆ ಹೋದಾಗ ಆಕೆ ಅಳಲಿಲ್ಲ, ಜಗಳವಾಡಲೂ ಇಲ್ಲ. ಕಾಗದವನ್ನು ನನ್ನ ಮುಂದಿಟ್ಟು, “ನೀವು ಸಹಿ ಮಾಡು ಅಂದ್ರಿ, ಮಾಡಿದೆ. ಯಾತಕ್ಕಂತ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ” ಎಂದಳು. ಇಪ್ಪತ್ತು ವರ್ಷಗಳ ಮೇಲಾಯಿತು, ಆ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಅಂದು ನನಗೆ ತಿಳಿಯದೆ ಇದ್ದುದನ್ನು ಇಲ್ಲಿ ಬರೆಯುತ್ತೇನೆ. 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಕಲಮಿನ ಪ್ರಕಾರ, ಬೇರೆ ರೀತಿ ಬರೆದುಕೊಂಡಿರದ ಹೊರತು, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುತ್ತದೆ. ‘ಸುಮ್ಮನೆ ಒಂದು ಸಹಿ’ ಎಂಬುದು ಇಲ್ಲವೇ ಇಲ್ಲ. 2002ರಲ್ಲಿ ಬಂದ ಸರ್ಫೇಸಿ ಕಾನೂನಿನಂತೆ, ಸಾಲವು ವಸೂಲಾಗದ ಸಾಲವೆಂದು ವರ್ಗೀಕರಣವಾದ ಮೇಲೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ದಾವೆ ಹೂಡದೆಯೇ ಒತ್ತೆಯ ಆಸ್ತಿಯನ್ನು ವಶಪಡಿಸಿಕೊಳ್ಳಬಹುದು. ವಾಸದ ಮನೆಯೆಂದು ಅದಕ್ಕೆ ವಿನಾಯಿತಿಯಿಲ್ಲ. ಕೃಷಿ ಭೂಮಿಗೆ ಮಾತ್ರ ಆ ಕಾನೂನು ಅನ್ವಯಿಸುವುದಿಲ್ಲ. ಒಬ್ಬನೇ ನಡೆಸುವ ಅಂಗಡಿಯಲ್ಲಿಯೂ 1932ರ ಪಾಲುದಾರಿಕೆ ಅಧಿನಿಯಮದಂತೆ ನಡೆಯುವ ಸಂಸ್ಥೆಯಲ್ಲಿಯೂ ಸಾಲದ ಹೊಣೆಗೆ ಮಿತಿಯೆಂಬುದಿಲ್ಲ, ಸ್ವಂತ ಆಸ್ತಿಯೂ ಅದಕ್ಕೆ ಗುರಿಯಾಗುತ್ತದೆ. ಕಂಪನಿಯನ್ನೋ, 2008ರ ಕಾನೂನಿನಂತೆ ಸೀಮಿತ ಹೊಣೆಯ ಪಾಲುದಾರಿಕೆಯನ್ನೋ ಮಾಡಿಕೊಂಡರೆ ಮನೆಗೂ ಉದ್ಯೋಗಕ್ಕೂ ನಡುವೆ ಗೋಡೆಯೊಂದು ಏಳುತ್ತದೆ. ಆದರೆ ಬ್ಯಾಂಕಿನವರು ಮಾಲೀಕನ ವೈಯಕ್ತಿಕ ಜಾಮೀನನ್ನು ಬರೆಸಿಕೊಂಡರೆಂದರೆ ಆ ಗೋಡೆಗೆ ಬಾಗಿಲು ಬಿದ್ದಂತೆಯೇ ಸರಿ.

ಮನೆಯನ್ನು ನಾವು ಉಳಿಸಿಕೊಂಡೆವು. ಉಳಿದದ್ದು ಆಕೆಯ ತವರುಮನೆಯ ಬಂಗಾರದಿಂದ. ಬಂಗಾರವನ್ನು ಅಡವಿಟ್ಟು ವ್ಯಾಪಾರವನ್ನು ಎತ್ತಿ ನಿಲ್ಲಿಸಿದ ಕಥೆಗಳನ್ನು ನಮ್ಮಲ್ಲಿ ಅಭಿಮಾನದಿಂದ ಹೇಳುತ್ತಾರೆ. ಅದು ಸ್ತ್ರೀಧನವೆಂಬುದನ್ನು ಮಾತ್ರ ಮರೆಯುತ್ತಾರೆ. ಅದು ದಂಪತಿಗಳ ಜಂಟಿ ಸ್ವತ್ತಲ್ಲ, ಕಷ್ಟಕಾಲದಲ್ಲಿ ಗಂಡನು ಬಳಸಿಕೊಂಡರೂ ಹಿಂದಿರುಗಿಸಬೇಕಾದ ಬಾಧ್ಯತೆ ಆತನಿಗಿದೆ ಎಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮತ್ತೊಮ್ಮೆ ಸ್ಪಷ್ಟಪಡಿಸಿತು. ಅಂಗಡಿಯ ಖತಾವಣಿಯಲ್ಲಿ ಊರಿನ ಸಾಹುಕಾರನ ಹೆಸರಿಗೆ ಪುಟವಿರುತ್ತದೆ, ಬ್ಯಾಂಕಿನ ಹೆಸರಿಗೆ ಪುಟವಿರುತ್ತದೆ, ಬಂಗಾರ ಕೊಟ್ಟವಳ ಹೆಸರಿಗೆ ಪುಟವಿರುವುದಿಲ್ಲ. ನಾನು ಆ ಪುಟವನ್ನು 2004ರಲ್ಲಿ ತೆರೆದೆನು. ಅದು ಚುಕ್ತಾ ಆಗಲಿಕ್ಕೆ ಒಂಬತ್ತು ವರ್ಷ ಹಿಡಿಯಿತು.

ಉದ್ಯೋಗದ ಸಾಲಗಾರರ ಕೈಗೆ ಸಿಕ್ಕದಂತೆ ಸಂಸಾರಕ್ಕಾಗಿ ಒಂದಿಷ್ಟನ್ನು ಬೇರೆಯಾಗಿಡುವ ಮಾರ್ಗವನ್ನು ನಮ್ಮ ಹಳೆಯ ಕಾನೂನೊಂದು ತೋರಿಸಿಕೊಟ್ಟಿದೆ. ವಿಮೆ ಮಾಡಿಸುವವರಲ್ಲಿಯೂ ಬಹಳ ಜನರಿಗೆ ಇದು ತಿಳಿಯದು. 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಅಧಿನಿಯಮದ 6ನೆಯ ಕಲಮಿನಂತೆ, ವಿವಾಹಿತನು ತನ್ನ ಜೀವದ ಮೇಲೆ ಇಳಿಸಿದ ವಿಮೆಯು ಹೆಂಡತಿ ಮಕ್ಕಳ ಪ್ರಯೋಜನಕ್ಕಾಗಿಯೇ ಎಂದು ಆ ಪಾಲಿಸಿಯ ಮೇಲೆ ನಮೂದಾಗಿದ್ದರೆ ಅದು ಅವರಿಗಾಗಿ ಇಟ್ಟ ನ್ಯಾಸವಾಗುತ್ತದೆ. ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ, ಗಂಡನೂ ತನ್ನ ಮನಸ್ಸಿಗೆ ಬಂದಂತೆ ಅದರ ಮೇಲೆ ಸಾಲ ತೆಗೆಯುವಂತಿಲ್ಲ. ಸಾಲಗಾರರಿಗೆ ಮೋಸ ಮಾಡುವ ಉದ್ದೇಶದಿಂದಲೇ ಕಂತು ಕಟ್ಟಿದ್ದು ಸಿದ್ಧವಾದರೆ ಆ ಕಂತಿನ ಹಣವನ್ನು ಅವರು ಕೇಳಬಹುದು, ಅಷ್ಟೇ. ಆದರೆ ಪಾಲಿಸಿ ತೆಗೆಯುವಾಗಲೇ ಅದಕ್ಕಾಗಿ ಇರುವ ಪ್ರತ್ಯೇಕ ನಮೂನೆಯನ್ನು ತುಂಬಿ ಕೊಡಬೇಕು, ತೆಗೆದಾದ ಮೇಲೆ ಸೇರಿಸಲಿಕ್ಕೆ ಬರುವುದಿಲ್ಲ. ಸಾಮಾನ್ಯ ನಾಮನಿರ್ದೇಶನವೂ ಇದೂ ಒಂದೇ ಎಂದು ಭಾವಿಸಿ ನಿಶ್ಚಿಂತರಾಗಿರುವವರು ದಯವಿಟ್ಟು ತಮ್ಮ ಕಾಗದಗಳನ್ನು ತೆಗೆದು ನೋಡಿಕೊಳ್ಳಬೇಕು.

ದುಡಿಮೆಯ ವಿಷಯಕ್ಕೆ ಬರೋಣ. ನಮ್ಮ ರಾಜ್ಯದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ಪಗಾರದ ಆಳಿಗೆ ವಾರಕ್ಕೊಂದು ಪೂರ್ಣ ದಿನದ ರಜೆಯನ್ನು ಕೊಟ್ಟಿದೆ. ಆದರೆ ಅದರಲ್ಲಿಯ ‘ನೌಕರ’ ಎಂಬ ಪದದ ವ್ಯಾಖ್ಯೆಯಲ್ಲಿ ಮಾಲೀಕನ ಕುಟುಂಬದವರು ಬರುವುದಿಲ್ಲ. ಕಾನೂನಿನ ದೃಷ್ಟಿಯಿಂದ ಅದು ಸಹಜವೇ ಇರಬಹುದು. ಆದರೆ ಅಂಗಡಿಯ ಹುಡುಗ ಮನೆಗೆ ಹೋದ ಮೇಲೆ ಗಲ್ಲೆಯ ಮೇಲೆ ಕೂಡ್ರುವವಳು, ಅದಕ್ಕೂ ಮುಂಚೆ ಅಡುಗೆ ಮಾಡಿದವಳು, ಆಮೇಲೆ ಪಾತ್ರೆ ತೊಳೆಯುವವಳು ಒಬ್ಬಳೇ. 2019ರಲ್ಲಿ ಕೇಂದ್ರ ಸರಕಾರದ ಅಂಕಿಸಂಖ್ಯಾ ಕಚೇರಿಯು ದೇಶದಾದ್ಯಂತ ವೇಳೆಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು 97 ನಿಮಿಷಗಳನ್ನೂ ಕಳೆಯುತ್ತಾರೆಂದು ಅದರಲ್ಲಿ ಕಂಡುಬಂದಿತು. ಸುಮಾರು ಐದು ತಾಸು! ಇದರ ಮೇಲೆ ಅಂಗಡಿಯ ಐದು ತಾಸುಗಳನ್ನು ಹೇರಿ ‘ನಮ್ಮದು ಕುಟುಂಬದ ಉದ್ಯೋಗ’ ಎಂದು ಹೇಳಿಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆನು.

ಈ ತೊಡಕನ್ನು ಮೂಲದಲ್ಲಿಯೇ ಗಮನಿಸಿ ಉದ್ಯೋಗವನ್ನು ಕಟ್ಟಿದ ಒಂದು ಉದಾಹರಣೆಯನ್ನು ಹೇಳದಿರಲಾರೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಕೈಸಾಲ ತೆಗೆದುಕೊಂಡು ತಾವು ವಾಸಿಸುತ್ತಿದ್ದ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲಿಕ್ಕೆ ಪ್ರಾರಂಭಿಸಿದರು. ಇಂದು ದೇಶಕ್ಕೆಲ್ಲ ಪರಿಚಿತವಾದ ಲಿಜ್ಜತ್ ಪಾಪಡದ ಮೂಲವಿದು. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಗಮನಿಸಬೇಕಾದದ್ದು ಅವರ ಕೆಲಸದ ವ್ಯವಸ್ಥೆಯನ್ನು. ಹಿಟ್ಟು ಕಲಸುವುದು ಕೇಂದ್ರದಲ್ಲಿ. ಸದಸ್ಯೆಯರು ಮುಂಜಾನೆ ಬಂದು ಕಣಕವನ್ನು ತೂಗಿಸಿಕೊಂಡು ಮನೆಗೆ ಒಯ್ಯುತ್ತಾರೆ, ತಮ್ಮ ಅನುಕೂಲದ ವೇಳೆಯಲ್ಲಿ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ತಂದು ಒಪ್ಪಿಸಿ ಕೂಲಿ ಪಡೆಯುತ್ತಾರೆ. ಒಯ್ಯುವವರೆಲ್ಲರೂ ಸಂಸ್ಥೆಯ ಒಡತಿಯರೇ. ಮನೆಯಲ್ಲಿ ಮಗು ಅತ್ತರೆ ಲಟ್ಟಣಿಗೆಯನ್ನು ಕೆಳಗಿಡಬಹುದು. ಮಾಡಿದಷ್ಟಕ್ಕೆ ಕೂಲಿಯಾದ್ದರಿಂದ ಯಾರ ಅಪ್ಪಣೆಯೂ ಬೇಕಿಲ್ಲ. ಬಂಡವಾಳವೂ ಮಾರಾಟವೂ ಉದ್ರಿಯೂ ಸಂಸ್ಥೆಯ ಹೊಣೆಯಾದ್ದರಿಂದ ಮನೆಯು ಒತ್ತೆಯಾಗುವುದಿಲ್ಲ. ಹುಬ್ಬಳ್ಳಿ ಧಾರವಾಡಗಳಲ್ಲಿ ಮನೆಯಲ್ಲಿಯೇ ಖಡಕ್ ರೊಟ್ಟಿ ಬಡಿದು ಮಾರುವ ತಾಯಂದಿರು ಬಹಳ ಜನರಿದ್ದಾರೆ. ಅವರಲ್ಲಿ ಒಬ್ಬೊಬ್ಬರೇ ಜೋಳ ಕೊಂಡು, ಒಬ್ಬೊಬ್ಬರೇ ಖಾನಾವಳಿಗಳಿಗೆ ಹಾಕಿ, ಒಬ್ಬೊಬ್ಬರೇ ಬಾಕಿಗಾಗಿ ಅಲೆದಾಡುವವರನ್ನು ನೋಡಿದಾಗಲೆಲ್ಲ ಗಿರಗಾಂವದ ಆ ಏಳು ಜನರ ಜಾಣ್ಮೆ ನನಗೆ ನೆನಪಾಗುತ್ತದೆ.

ಇನ್ನೊಂದು ಉದಾಹರಣೆ ನಮ್ಮ ನಾಡಿನವರದೇ. ಇನ್ಫೋಸಿಸ್ ಸಂಸ್ಥೆಯು 1981ರಲ್ಲಿ ಪುಣೆಯಲ್ಲಿ ಏಳು ಜನರಿಂದ ಪ್ರಾರಂಭವಾದಾಗ ಶ್ರೀ ಎನ್. ಆರ್. ನಾರಾಯಣಮೂರ್ತಿಯವರಿಗೆ ಮೊದಲ 10,000 ರೂಪಾಯಿಗಳನ್ನು ಕೊಟ್ಟವರು ಅವರ ಪತ್ನಿ ಶ್ರೀಮತಿ ಸುಧಾಮೂರ್ತಿಯವರು ಎಂಬುದನ್ನು ಬಹುಜನರು ಬಲ್ಲರು. ಸುಧಾಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿದ ಇಂಜಿನಿಯರರು. ಟೆಲ್ಕೋ ಕಂಪನಿಯಲ್ಲಿ ಸ್ತ್ರೀಯರಿಗೆ ಅವಕಾಶವಿಲ್ಲವೆಂಬ ಜಾಹೀರಾತನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೆ ಅಂಚೆಯ ಕಾರ್ಡು ಬರೆದು ಅಲ್ಲಿ ನೌಕರಿ ಪಡೆದವರು. ಅಷ್ಟು ಯೋಗ್ಯತೆಯಿದ್ದರೂ ಗಂಡ ಹೆಂಡತಿ ಇಬ್ಬರೂ ಒಂದೇ ಸಂಸ್ಥೆಯಲ್ಲಿರಬಾರದೆಂಬ ಪತಿಯ ನಿಯಮದಂತೆ ಅವರು ಅದರಲ್ಲಿ ಸೇರದೆ ಮನೆ ಮಕ್ಕಳ ಹೊಣೆಯನ್ನು ಹೊತ್ತುಕೊಂಡರು. ಸಂಸ್ಥೆಯು ಒಂದು ಮನೆತನದ ಸ್ವತ್ತಾಗಬಾರದೆಂಬುದು ಆ ನಿಯಮದ ಆಶಯವಾಗಿತ್ತು. ಆದರ್ಶವೇನೋ ಘನವಾದದ್ದು. ಆದರೆ 2024ರ ಪ್ರಾರಂಭದಲ್ಲಿ ಮೂರ್ತಿಯವರೇ ಸಂದರ್ಶನವೊಂದರಲ್ಲಿ ಆ ನಿರ್ಧಾರವು ತಪ್ಪಾಗಿತ್ತೆಂದು ಒಪ್ಪಿಕೊಂಡರು. ನಲವತ್ತು ವರ್ಷಗಳ ನಂತರ ಅಂಥ ಮಾತನ್ನು ಬಹಿರಂಗವಾಗಿ ಆಡುವುದು ಸುಲಭವಲ್ಲ. ಉದ್ಯೋಗವು ಗೆದ್ದ ಮನೆಯಲ್ಲಿಯೂ ಲೆಕ್ಕವು ಪೂರ್ಣ ಚುಕ್ತಾ ಆಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಅದೇ ಮಹನೀಯರು 2023ರ ಅಕ್ಟೋಬರದಲ್ಲಿ ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದು ಹೇಳಿದಾಗ ದೇಶದಲ್ಲೆಲ್ಲ ಚರ್ಚೆಯಾಯಿತು. ಅಂಗಡಿಕಾರರಾದ ನಮಗೆ ನಗು ಬಂದಿತು, ಮುಂಜಾನೆ ಎಂಟಕ್ಕೆ ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವವನ ವಾರವು 78 ತಾಸಿಗೆ ಕಡಿಮೆಯಾಗುವುದೇ ಇಲ್ಲ. ಆದರೆ ನಗುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ತಾಸು ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯವು ನೂರಕ್ಕೆ 35ರಷ್ಟೂ ಹೃದಯದ ರಕ್ತನಾಳದ ಬೇನೆಯಿಂದ ಸಾಯುವ ಅಪಾಯವು ನೂರಕ್ಕೆ 17ರಷ್ಟೂ ಹೆಚ್ಚು. ನಮ್ಮ ಪೇಟೆಯಲ್ಲಿ ಐವತ್ತರೊಳಗೆ ಅಂಗಡಿಯಲ್ಲಿಯೇ ಕುಸಿದ ಇಬ್ಬರನ್ನು ನಾನು ಕಂಡಿದ್ದೇನೆ. ಇಬ್ಬರ ಉದ್ರಿಯ ಲೆಕ್ಕವೂ ಅವರ ತಲೆಯಲ್ಲಿಯೇ ಇತ್ತು.

ಶಿಕ್ಷಕ ಬಂಧುಗಳು ಈ ಸಂಚಿಕೆಯನ್ನು ಓದುವರಾದ್ದರಿಂದ ಮಕ್ಕಳ ವಿಷಯವಾಗಿ ಒಂದು ಮಾತು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂಡ್ರುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. 1986ರ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಮಾಡಿದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವು ಅಪಾಯವಿಲ್ಲದ ಕುಟುಂಬದ ಉದ್ಯೋಗದಲ್ಲಿ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಸಹಾಯ ಮಾಡಬಹುದು, ಕಲಿಕೆಗೆ ಅದರಿಂದ ಅಡ್ಡಿಯಾಗಬಾರದು. ಎಲ್ಲಿ ಸಹಾಯವು ಮುಗಿದು ದುಡಿಮೆ ಪ್ರಾರಂಭವಾಗುತ್ತದೆಂಬುದು ಅಪ್ಪನಿಗೆ ಕಾಣುವುದಿಲ್ಲ, ಗುರುಗಳಿಗೆ ಕಾಣುತ್ತದೆ. ನನ್ನ ಮಗನು ಏಳನೆಯ ಇಯತ್ತೆಯಲ್ಲಿದ್ದಾಗ ಆತನ ಗಣಿತದ ಗುರುಗಳು ಒಂದು ಸಂಜೆ ಅಂಗಡಿಗೆ ಬಂದು ವಾಲ್ವಿನ ಧಾರಣೆ ಕೇಳುವ ನೆಪದಿಂದ ಅರ್ಧ ತಾಸು ಕುಳಿತರು. ಹೋಗುವಾಗ, “ಹುಡುಗ ಲೆಕ್ಕದಲ್ಲಿ ಬಲು ಚುರುಕು ಇದ್ದಾನ ಸಾಹುಕಾರ್ರ, ಆದರ ಮೂರನೇ ತಾಸಿಗೆ ನಿದ್ದಿ ಮಾಡ್ತಾನ” ಎಂದಷ್ಟೇ ಹೇಳಿದರು. ರಾತ್ರಿಯ ಕಿರ್ದಿಯನ್ನು ಬರೆಯುವವನು ಆತನಾಗಿದ್ದನು. ಮರುದಿನದಿಂದ ನಿಲ್ಲಿಸಿದೆನು. ಹೆಣ್ಣುಮಕ್ಕಳ ಬಗೆಗೂ ಹೇಳಬೇಕಾದದ್ದಿದೆ. ಅವಿಭಕ್ತ ಕುಟುಂಬದ ಉದ್ಯೋಗವಾಗಿದ್ದರೆ ಅದರಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಕರ್ನಾಟಕವು 1994ರಲ್ಲಿಯೇ ಇದಕ್ಕೆ ದಾರಿ ಮಾಡಿತು, 2005ರಲ್ಲಿ ದೇಶಕ್ಕೆಲ್ಲ ಕಾನೂನಾಯಿತು, 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಆದರೂ ಮದುವೆಯ ಖರ್ಚನ್ನು ತೋರಿಸಿ ಹಕ್ಕು ಮುಗಿಯಿತೆನ್ನುವ ಮನೆಗಳು ಕಡಿಮೆಯಿಲ್ಲ.

ಕೊನೆಗೆ ನಮ್ಮ ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆಯನ್ನು ಹೇಳುತ್ತೇನೆ. ಇದೇ ಸರಿಯೆಂದು ನನ್ನ ವಾದವಲ್ಲ. ಮನೆಗೆ ಪ್ರತಿ ತಿಂಗಳು ಒಂದನೆಯ ತಾರೀಖಿಗೆ ಗೊತ್ತುಪಡಿಸಿದ ಮೊತ್ತವನ್ನು ಅಂಗಡಿಯಿಂದ ಪಗಾರದಂತೆ ತೆಗೆದು ಬೇರೆ ಖಾತೆಗೆ ಹಾಕುತ್ತೇವೆ. ಒಳ್ಳೆಯ ತಿಂಗಳೆಂದು ಹೆಚ್ಚಿಲ್ಲ, ಕೆಟ್ಟ ತಿಂಗಳೆಂದು ಕಡಿಮೆಯಿಲ್ಲ. ಆ ಮೊತ್ತವು ಮೊದಲಿಗೆ ನನಗೆ ನಾಚಿಕೆಯಾಗುವಷ್ಟು ಸಣ್ಣದಾಗಿತ್ತು. ಆರು ತಿಂಗಳ ಮನೆಖರ್ಚು ಜಮೆಯಾಗುವವರೆಗೆ ಹೊಸ ಸಾಲ ತೆಗೆಯುವುದಿಲ್ಲವೆಂದು ನಿರ್ಧರಿಸಿದೆವು. ಅದಕ್ಕೆ ನಾಲ್ಕು ವರ್ಷ ಬೇಕಾಯಿತು. ಆ ಅವಧಿಯಲ್ಲಿ ಪಕ್ಕದ ಮಳಿಗೆಯು ಮಾರಾಟಕ್ಕೆ ಬಂದು, ಬೇರೆಯವರು ಕೊಂಡು ಮುಂದೆ ಬಹಳ ಚೆನ್ನಾಗಿ ಮಾಡಿದರು. ಅದನ್ನು ನೋಡುವಾಗ ಈಗಲೂ ಸ್ವಲ್ಪ ಸಂಕಟವಾಗುತ್ತದೆ, ಮುಚ್ಚಿಡುವುದೇಕೆ? ಉದ್ರಿಯ ಪುಸ್ತಕವನ್ನು ಆಕೆಯೇ ವಹಿಸಿಕೊಂಡಳು, ಆದರೆ ಹಗಲು ಗಲ್ಲೆಯ ಮೇಲೆ ಕೂಡ್ರುವ ಕೆಲಸಕ್ಕೆ ಪಗಾರದ ಆಳನ್ನಿಟ್ಟೆವು. ಹಳೆಯ ಬಾಕಿಯಿದ್ದವರಿಗೆ ಹೊಸ ಉದ್ರಿಯಿಲ್ಲವೆಂದು ಹೇಳಲಿಕ್ಕೆ ನನಗೆ ದಾಕ್ಷಿಣ್ಯ, ಆಕೆಗಿಲ್ಲ. ಯಾವ ಕಾಗದಕ್ಕೂ ಓದದೆ ಸಹಿಯಿಲ್ಲ. ನಮ್ಮ ಕಡೆಗೆ ಅಮಾವಾಸ್ಯೆಗೆ ಅನೇಕ ಅಂಗಡಿಗಳವರು ವ್ಯವಹಾರ ಮಾಡುವುದಿಲ್ಲ. ನಾನು ಆ ದಿನವನ್ನು ಬಾಕಿ ವಸೂಲಿಗೆ ಹಳ್ಳಿಗಳಿಗೆ ಹೋಗಲಿಕ್ಕೆ ಬಳಸುತ್ತಿದ್ದೆನು. ಅದನ್ನು ಬಿಟ್ಟೆನು. ಅಮಾವಾಸ್ಯೆಯಂದು ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕುಳಿತು ಖತಾವಣಿ ತೆಗೆಯುತ್ತೇವೆ. ಒಂದು ತಾಸಿನ ಕೆಲಸ. ಉಳಿದ ಹೊತ್ತು ಆಕೆ ತನ್ನ ತಂಗಿಯ ಮನೆಗೆ ಹೋಗುತ್ತಾಳೆ, ನಾನು ಮೊಮ್ಮಗನನ್ನು ಕರೆದುಕೊಂಡು ಶಾಲೆಯ ಬಯಲಿಗೆ ಬರುತ್ತೇನೆ.